ಟೋಪಿ ಇಲ್ಲದ ಸೆಲ್ಯೂಟ್

ಎರ್ರೆಪ್ಪನ ಮಾನ ಹೋದದ್ದು ಒಂದು ಟೋಪಿಯ ದೆಸೆಯಿಂದ. ಅದು ತಲೆಯ ಮೇಲೆ ಇದ್ದದ್ದರಿಂದಲ್ಲ, ಬಟ್ಟೆ ಒಣಹಾಕುವ ತಂತಿಯ ಮೇಲೆ ಇದ್ದದ್ದರಿಂದ.

ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ. ಕೊಟ್ಟೂರಿನ ಆ ಓಣಿಗೆ ನಳದ ನೀರು ಬರುವಷ್ಟರಲ್ಲಿ ಎರ್ರೆಪ್ಪ ಗಡ್ಡ ಬೋಳಿಸಿ, ಬೂಟಿಗೆ ಮೂರು ಸಲ ಪಾಲಿಶ್ ಹೊಡೆದು, ತಗಡಿನ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಪ್ಯಾಂಟು ಸಿಕ್ಕಿತು, ಬೆಲ್ಟು ಸಿಕ್ಕಿತು. ಹದಿನೇಳು ವರ್ಷ ಮಿಲಿಟರಿಯಲ್ಲಿ ತಲೆಯ ಮೇಲಿದ್ದ ಉಣ್ಣೆಯ ಟೋಪಿ ಮಾತ್ರ ಇರಲಿಲ್ಲ.

"ಏ ಇವಳ, ನನ್ನ ಟೊಪ್ಪಿಗಿ ಎಲ್ಲೈತಿ?"

"ಒಗದು ಹಾಕೀನ್ರಿ," ಎಂದು ಹಿತ್ತಲಿನಿಂದ ಅವನ ಹೆಂಡತಿ ಅಂಜಿನಕ್ಕ ಕೂಗಿದಳು. "ನುಸಿಗುಳಿಗಿ ವಾಸನಿ ಹೊಡಿತಿತ್ತು. ಸಿನಿಮಾದೋರ ಮುಂದ ಹಂಗ ಹೋಗ್ತೀರೇನು?"

ಎರ್ರೆಪ್ಪ ಹಿತ್ತಲಿಗೆ ಓಡಿದ. ಟೋಪಿ ತಂತಿಗೆ ನೇತುಬಿದ್ದು ತೊಟತೊಟ ನೀರು ಸುರಿಸುತ್ತಿತ್ತು.

"ಯಾರು ಹೇಳಿದ್ರು ನಿನಗ ಒಗಿಯಾಕ?"

"ಪಕ್ಕೀರಮ್ಮತ್ತಿ ಹೇಳಿದ್ಳು. ಬಿಸಿನೀರಾಗ ಅದ್ದಿ ಒಗಿ, ವಾಸನಿ ಹೋಗತೈತಿ ಅಂದ್ಳು."

ಎರ್ರೆಪ್ಪನ ಕಣ್ಣು ಕಿರಿದಾದವು. ಪಕ್ಕೀರಮ್ಮ ಪಕ್ಕದ ಮನೆಯವಳು. ಆಕೆಯ ಖಾಸಾ ತಮ್ಮನ ಮಗ ಗಾದಿಲಿಂಗ. ಇವತ್ತು ಎರ್ರೆಪ್ಪ ಯಾವ ಪಾತ್ರಕ್ಕೆ ಹೊರಟಿದ್ದನೋ ಅದೇ ಪಾತ್ರಕ್ಕೆ ಗಾದಿಲಿಂಗನೂ ಹೊರಟಿದ್ದ. ಇದರೊಳಗೆ ಏನೋ ಸಂಚಿದೆ ಎಂದು ಎರ್ರೆಪ್ಪನಿಗೆ ಅನುಮಾನ ಬಂತು. ಅವತ್ತಿನ ಮೊದಲ ಅನುಮಾನ ಹೀಗೆ ಅವನದೇ. ಆಮೇಲಿನವೆಲ್ಲ ಊರಿನವು.

ಪಾತ್ರದ ವಿಷಯ ಹೇಳಿಬಿಡುತ್ತೇನೆ. ಬೇರೆ ಮಾಜಿ ಸೈನಿಕರು ಮಿಲಿಟರಿ ಬಿಟ್ಟು ಬಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತರೆ, ಎರ್ರೆಪ್ಪನಿಗೆ ಬಣ್ಣದ ಹುಚ್ಚು ಹಿಡಿದಿತ್ತು. ಗುಡ್ಡದ ಮೇಲಿನ ಕ್ಯಾಂಪಿನಲ್ಲಿ ಒಂದು ಹಬ್ಬದ ದಿನ ಇವನು ಹೆಣ್ಣುವೇಷ ಹಾಕಿ ಕುಣಿದಾಗ ದೊಡ್ಡ ಸಾಹೇಬರು, "ನೀನು ಇಲ್ಲಿರಬೇಕಾದವನೇ ಅಲ್ಲ" ಎಂದಿದ್ದರಂತೆ. ಅವರು ಯಾವ ಸಿಟ್ಟಿನಲ್ಲಿ ಹಾಗೆಂದರೋ, ಎರ್ರೆಪ್ಪ ಮಾತ್ರ ಅದನ್ನು ಆಶೀರ್ವಾದ ಅಂತಲೇ ಹಿಡಿದ. ಊರಿಗೆ ಬಂದ ಐದು ವರ್ಷದಲ್ಲಿ ಹಗರಿಬೊಮ್ಮನಹಳ್ಳಿಯ ಸ್ಟುಡಿಯೋಕ್ಕೆ ಹೋಗಿ ಸಿಟ್ಟು, ಅಳು, ನಗು, ಯೋಚನೆ ಎಂದು ನಾಲ್ಕು ಥರದ ಫೋಟೋ ತೆಗೆಸಿ ಆಲ್ಬಮ್ ಮಾಡಿಸಿದ್ದ. ಯಾವುದು ಅಳು ಯಾವುದು ಯೋಚನೆ ಎಂದು ಅವನೇ ಕೆಳಗೆ ಬರೆದಿಟ್ಟಿದ್ದರಿಂದ ನೋಡಿದವರಿಗೆ ತೊಂದರೆಯಾಗುತ್ತಿರಲಿಲ್ಲ.

ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಎರಡು ಪಾತ್ರ. ಹರಪನಹಳ್ಳಿಯ ಕಾಲೇಜು ಹುಡುಗರು ತೆಗೆದ ಕಿರುಚಿತ್ರದಲ್ಲಿ ಹೆಣ. ಸ್ವಲ್ಪವೂ ಮಿಸುಕಲಿಲ್ಲ ಎಂದು ಹುಡುಗರು ಬಹಳ ಮೆಚ್ಚಿದರು. ಇನ್ನೊಂದು ಹಡಗಲಿಯ ಸೀರೆ ಅಂಗಡಿಯ ಜಾಹೀರಾತು. ಅದರಲ್ಲಿ ಮದುಮಗಳ ಅಪ್ಪನಿಗೆ ಛತ್ರಿ ಹಿಡಿದಿದ್ದ. ಟೀವಿಯಲ್ಲಿ ಬಂದಾಗ ಅಂಗಡಿಯ ಫೋನ್ ನಂಬರು ಇವನ ಮುಖದ ಮೇಲೇ ಹಾದುಹೋಗಿ ಹಣೆ ಮಾತ್ರ ಉಳಿದಿತ್ತು.

ಈಗ ಬೆಂಗಳೂರಿನಿಂದ ನಿಜವಾದ ಸಿನಿಮಾದವರು ಬಂದು ಕೂಡ್ಲಿಗಿ ರಸ್ತೆಯ ಕಲ್ಯಾಣ ಮಂಟಪದಲ್ಲಿ ಇಳಿದಿದ್ದರು. ರಜೆಗೆ ಊರಿಗೆ ಬಂದ ಸೈನಿಕನ ಪಾತ್ರಕ್ಕೆ ಸ್ಥಳೀಯರು ಬೇಕಂತೆ. ಮೂರು ಸೀನು, ಆರು ಮಾತು, ಕೊನೆಗೆ ಊರವರೆಲ್ಲ ಸೇರಿ ಹಾರ ಹಾಕುತ್ತಾರೆ. ನನಗಲ್ಲದೆ ಇದು ಇನ್ಯಾರಿಗೆ ಎಂದುಕೊಂಡ ಎರ್ರೆಪ್ಪ. ಒದ್ದೆ ಟೋಪಿಯನ್ನು ತಂತಿಯ ಮೇಲೇ ಬಿಟ್ಟು ಬರಿತಲೆಯಲ್ಲಿ ಹೊರಟ.

ಮಂಟಪದಲ್ಲಿ ಮೂವತ್ತು ಜನ ಸಾಲುಗಟ್ಟಿದ್ದರು. ಡೈರೆಕ್ಟರ್ ಅರುಣಕುಮಾರ್ ಮದುಮಕ್ಕಳ ಕೆಂಪು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಲ್ಲಿದ್ದವರಲ್ಲಿ ಟೋಪಿ ಇದ್ದದ್ದು ಅವನೊಬ್ಬನ ತಲೆಯ ಮೇಲೆ, ಅದೂ ಹಿಂದುಮುಂದಾಗಿ.

"ಮಾಜಿ ಸೈನಿಕರಾ? ವಂಡರ್‌ಫುಲ್. ಒಂದು ಸೆಲ್ಯೂಟ್ ಹೊಡೀರಿ ಸರ್, ನೋಡೋಣ."

ಎರ್ರೆಪ್ಪ ಹಿಮ್ಮಡಿ ಕೂಡಿಸಿದ. ಎದೆ ಮುಂದೆ, ಕೈ ಎರಡೂ ತೊಡೆಯ ಪಕ್ಕ, ನೋಟ ನೆಟ್ಟಗೆ. ಹಾಗೇ ನಿಂತ.

"ಹೊಡೀರಿ ಸರ್."

"ಇಷ್ಟರಿ."

"ಎಷ್ಟು?"

"ತಲಿ ಮ್ಯಾಲ ಟೊಪ್ಪಿಗಿ ಇಲ್ದಾಗ ಸೆಲ್ಯೂಟ್ ಹೊಡಿಯಂಗಿಲ್ರಿ. ಸಾವಧಾನ್ ನಿಂದ್ರದ ಅಷ್ಟ. ರೂಲ್ ಐತಿ."

"ಸರ್, ಇದು ಸಿನಿಮಾ."

"ಇರ್ಲಿ ಬಿಡ್ರಿ. ರೂಲ್ ಅಂದ್ರ ರೂಲ್ರಿ."

"ನಮ್ಮ ಡ್ರೆಸ್ಸಿನ ಗಾಡಿ ಇನ್ನೂ ಹೊಸಪೇಟೆಯಿಂದ ಬಂದಿಲ್ಲ. ತಗೊಳ್ಳಿ, ನನ್ನ ಟೋಪಿ ಹಾಕ್ಕೊಳ್ಳಿ."

ಎರ್ರೆಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅದರ ಮೇಲೆ ಒಂದು ಬಾಳೆಹಣ್ಣಿನ ಚಿತ್ರವಿತ್ತು. ಮರ್ಯಾದೆಯಿಂದಲೇ ತಿರುಗಿ ಕೊಟ್ಟ. ಅವನ ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು.

"ಹೋಗ್ಲಿ, ಗನ್ ಹಿಡೀರಿ," ಎಂದು ಡೈರೆಕ್ಟರ್ ಮರದ ಬಂದೂಕು ಕೊಡಿಸಿದ. "ಎದುರಿಗೆ ಶತ್ರು ಇದಾನೆ ಅಂದ್ಕೊಳ್ಳಿ."

ಬಂದೂಕು ಕೈಗೆ ಬಂದ ಕೂಡಲೇ ಸೈನಿಕನಾದವನು ಮೊದಲು ಮಾಡಬೇಕಾದ್ದೇನು? ಮೂತಿ ನೆಲಕ್ಕೆ ಮಾಡಿ, ಒಳಗೆ ಗುಂಡು ಇದೆಯೇ ಇಲ್ಲವೇ ತೆಗೆದು ನೋಡಬೇಕು. ಎರ್ರೆಪ್ಪ ಅದನ್ನೇ ಮಾಡಿದ. ಆದರೆ ಅದು ಯಾವನೋ ಬಡಿಗ ಮೊಳೆ ಹೊಡೆದು ಮಾಡಿದ ಬಂದೂಕು. ಎಳೆದ ರಭಸಕ್ಕೆ ಅದರ ಮೇಲಿನ ತುಂಡು ಲಟಕ್ಕನೆ ಮುರಿದು ಕೈಗೆ ಬಂತು. ಮಂಟಪ ಗೊಳ್ಳೆಂದಿತು.

ಆಗ ಮುಂದೆ ಬಂದವನು ಗಾದಿಲಿಂಗ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಫ್ಲೆಕ್ಸ್ ಮಾಡುವ ಅಂಗಡಿ. ಸುತ್ತಲ ಹಳ್ಳಿಗಳ ನಾಟಕದಲ್ಲಿ ಪೊಲೀಸ್, ಮಿಲಿಟರಿ, ಯಮಧರ್ಮ ಮೂರಕ್ಕೂ ಅವನೇ ಕಾಯಂ. ಆಳು ಬಾಗಿಲು ತುಂಬುವಂತಿದ್ದ, ಮೀಸೆ ಕಿವಿ ಮುಟ್ಟುವಂತಿತ್ತು. ಬರಿತಲೆಯಲ್ಲೇ ಬಂದವನು ಬಲಗಾಲನ್ನು ಸೊಂಟದವರೆಗೆ ಎತ್ತಿ ಧಡ್ಡೆಂದು ನೆಲಕ್ಕೆ ಅಪ್ಪಳಿಸಿದ. ಕೈ ಹಣೆಗೆ ಹೋಗಿ ಅಲ್ಲಿ ಗಡಗಡ ನಡುಗಿತು. "ಜೈ ಹಿಂದ್!" ಎಂದು ಕೂಗಿದ್ದಕ್ಕೆ ಅಡುಗೆ ಮನೆಯ ಕಡೆಯಿಂದ ಒಬ್ಬ ಸೌಟು ಹಿಡಿದೇ ಓಡಿಬಂದ.

"ಇದು ಸೆಲ್ಯೂಟ್!" ಎಂದು ಡೈರೆಕ್ಟರ್ ಕುರ್ಚಿ ಬಿಟ್ಟೆದ್ದ. ಪಾತ್ರ ಗಾದಿಲಿಂಗನದಾಯಿತು. ಆಮೇಲೆ ಡೈರೆಕ್ಟರ್ ಎರ್ರೆಪ್ಪನ ಕಡೆ ತಿರುಗಿ, ಏನೂ ಕೆಟ್ಟ ಉದ್ದೇಶವಿಲ್ಲದೆ, ಸುಮ್ಮನೆ ಒಂದು ಮಾತು ಕೇಳಿದ.

"ಸರ್, ನೀವು ನಿಜವಾಗ್ಲೂ ಮಿಲಿಟರಿಲಿ ಇದ್ರಾ?"

ಡೈರೆಕ್ಟರ್ ಆ ಮಾತನ್ನು ಅಲ್ಲೇ ಮರೆತ. ಮೂವತ್ತು ಜನ ಕೊಟ್ಟೂರಿನವರು ಅದನ್ನು ಎತ್ತಿಕೊಂಡು ಮನೆಗೆ ಹೋದರು.

ಎರ್ರೆಪ್ಪ ಮಂಟಪದಿಂದ ದಾವಲ್ ಸಾಬನ ಪಂಕ್ಚರ್ ಅಂಗಡಿಗೆ ನಡೆದು ಬರಲು ಹತ್ತು ನಿಮಿಷ. ಸುದ್ದಿ ಅಷ್ಟರೊಳಗೆ ಅಲ್ಲಿಗೆ ಬಂದು ಚಹಾ ಕುಡಿದು ಮುಂದೆ ಹೋಗಿತ್ತು. ಯಾರೋ ಮೊಬೈಲಿನಲ್ಲಿ ತೆಗೆದು ಊರಿನ ಗ್ರೂಪಿಗೆ ಹಾಕಿದ್ದರು. ಕೆಳಗೆ 'ಸೆಲ್ಯೂಟ್ ಬಾರದ ಮಿಲ್ಟ್ರಿ' ಎಂದು ಬರೆದಿತ್ತು.

ದಾವಲ್ ಸಾಬ್ ಎರ್ರೆಪ್ಪನ ಜೊತೆ ಓದಿದವನು, ಒಂದೇ ಬೆಂಚಿನವನು. ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆಂದು ನೋಡುತ್ತ, "ಕೂಡ್ರಲೇ," ಎಂದ. ಪಕ್ಕದ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಮಂದಿ ಮಂಡಕ್ಕಿ ಮೇಯುತ್ತ ವಿಚಾರಣೆ ನಡೆಸಿದ್ದರು. ಎರ್ರೆಪ್ಪ ಬಂದದ್ದನ್ನು ಅವರು ನೋಡಲಿಲ್ಲ, ಅಥವಾ ನೋಡಿಯೇ ದನಿ ಏರಿಸಿದರು.

"ನನಗ ಮೊದಲಿಂದ ಡೌಟ್ ಇತ್ತಪ. ಮಿಲ್ಟ್ರಿಯೋರು ಊರಿಗಿ ಬಂದ್ರ ಕ್ಯಾಂಟೀನಿನ ರಮ್ ತರ್ತಾರ. ಐದು ವರ್ಷದಾಗ ಇವ ಯಾರಿಗರ ಒಂದು ಬಾಟ್ಲಿ ಕೊಟ್ಟಾನೇನು?"

"ನಾ ಬಾಯಿಬಿಟ್ಟು ಕೇಳೀನಿ. ನಾ ಕುಡಿಯಂಗಿಲ್ಲ, ತರಂಗಿಲ್ಲ ಅಂದ."

"ಕುಡಿಯಂಗಿಲ್ಲ ಅಂದ್ಮ್ಯಾಲ ಎಂಥಾ ಮಿಲ್ಟ್ರಿಲೇ ಅದು!"

"ಹೋದ ದೀಪಾವಳಿಗಿ ಪಟಾಕಿ ಹೊಡದಾಗ ಕಿವಿ ಮುಚ್ಚಿಕೊಂಡಿದ್ದ. ನಾ ಕಣ್ಣಾರ ನೋಡೀನಿ."

"ನಡಿಯಾದು ನೋಡೀರೇನು? ಬಲಗೈ ಯಾವಾಗ್ಲೂ ಹಿಂದ ಇರತೈತಿ. ಏನೋ ಜಗ್ಗಿಕೊಂಡು ಹೊಂಟಂಗ. ಸೈನಿಕರು ಹಂಗ ನಡೀತಾರೇನು?"

ಎರ್ರೆಪ್ಪ ತನ್ನ ಬಲಗೈಯನ್ನು ಮೆಲ್ಲಗೆ ಮುಂದಕ್ಕೆ ತಂದು ಮೊಣಕಾಲ ಮೇಲೆ ಇಟ್ಟುಕೊಂಡ.

"ತಲಿ ಕೆಡಿಸ್ಕೊಬ್ಯಾಡಲೇ," ಎಂದ ದಾವಲ್ ಸಾಬ್. "ಯಾರು ನಂಬಲಿ ಬಿಡಲಿ, ನಾ ನಂಬ್ತೀನಿ." ಸ್ವಲ್ಪ ಹೊತ್ತು ಟ್ಯೂಬು ತಿರುಗಿಸಿದ. "ಸುಮ್ಮನ ಕೇಳ್ತೀನಿ, ಬ್ಯಾಸರ ಮಾಡ್ಕೊಬ್ಯಾಡ. ಅಲ್ಲಿ ನಿನ್ನ ಕೈಯಾಗ ಯಾವ ಗನ್ ಇತ್ತು?"

"ಎಲ್ಲಾ ಥರದ್ದೂ ಇರತಾವಪ," ಎಂದ ಎರ್ರೆಪ್ಪ ಬೇರೆ ಕಡೆ ನೋಡುತ್ತ.

ದಾವಲ್ ಸಾಬನ ಕೈ ನೀರಿನಲ್ಲೇ ನಿಂತುಹೋಯಿತು. ಟ್ಯೂಬಿನಿಂದ ಗುಳ್ಳೆ ಬುಳುಬುಳು ಬರುತ್ತಿದ್ದರೂ ಅವನು ಎರ್ರೆಪ್ಪನ ಮುಖವನ್ನೇ ನೋಡುತ್ತಿದ್ದ. ಪಾತ್ರ ಹೋದದ್ದಕ್ಕೂ ಎರ್ರೆಪ್ಪನಿಗೆ ಇಷ್ಟು ಸಂಕಟವಾಗಿರಲಿಲ್ಲ. ಬಂದೂಕಿನ ತರಬೇತಿ ಅವನಿಗೆ ಆಗಿತ್ತು, ಗುರಿಯೂ ತಪ್ಪುತ್ತಿರಲಿಲ್ಲ. ಆದರೆ ಹದಿನೇಳು ವರ್ಷ ಅವನ ಬಲಗೈಯಲ್ಲಿ ಹೆಚ್ಚಾಗಿ ಇದ್ದದ್ದು ಬಂದೂಕಲ್ಲ. ಅದೇನೆಂದು ಊರಲ್ಲಿ ಯಾರಿಗೂ ಅವನು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಎಂಬುದೇ ಅವನ ಸಮಾಧಾನವಾಗಿತ್ತು.

ಮನೆಗೆ ಬಂದರೆ ಕಟ್ಟೆಯ ಮೇಲೆ ಪಕ್ಕೀರಮ್ಮ ಐದಾರು ಹೆಂಗಸರನ್ನು ಕೂಡಿಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿದ್ದ ಅಕ್ಕಿ ಅಂಜಿನಕ್ಕನ ಮನೆಯದೇ. ಬೇರೆಯವರ ಅಕ್ಕಿ ಆರಿಸಲು ಪಕ್ಕೀರಮ್ಮ ತಾನಾಗಿ ಬಂದಳೆಂದರೆ ಅಲ್ಲಿ ಅಕ್ಕಿಗಿಂತ ದೊಡ್ಡ ವಿಷಯ ಇದೆ ಎಂದೇ ಅರ್ಥ.

"ಬಾರಪ ಎರ್ರೆಪ್ಪ," ಎಂದಳು ಪಕ್ಕೀರಮ್ಮ. "ಹೋಗ್ಲಿ ಬಿಡು, ಸೆಲ್ಯೂಟ್ ಬರ್ಲಿಲ್ಲಂದ್ರ ಏನಾತು. ನಮ್ಮ ಗಾದಿಲಿಂಗನ ಹತ್ತರ ಎರಡು ದಿನ ಹೋಗು, ಕಲಸ್ತಾನ."

ಎರ್ರೆಪ್ಪ ಒಳಗೆ ಹೋಗಿ ಮಾಜಿ ಸೈನಿಕರ ಗುರುತಿನ ಕಾರ್ಡು, ಬಿಡುಗಡೆಯ ಪುಸ್ತಕ ಎರಡನ್ನೂ ತಂದು ಆಕೆಯ ಮುಂದೆ ಹಿಡಿದ. ಪಕ್ಕೀರಮ್ಮ ಕಾರ್ಡನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ನೋಡಿ, ಉಗುರಿನಿಂದ ಕೆರೆದಳು.

"ಚೆಂದ ಮಾಡ್ಯಾರ. ಇಂಥಾವು ನಮ್ಮ ಗಾದಿಲಿಂಗನ ಅಂಗಡ್ಯಾಗ ಅರ್ಧಾ ತಾಸಿನಾಗ ಮಾಡಿಕೊಡ್ತಾರ."

ಉಳಿದ ಹೆಂಗಸರು ತಲೆಯಾಡಿಸಿದರು. ಎರ್ರೆಪ್ಪ ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನು ನೋಡಿದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅಂಜಿನಕ್ಕನನ್ನು. ಅವಳ ಕಣ್ಣು ತುಂಬಿತ್ತು.

"ನಾ ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಹದಿನೇಳು ವರ್ಷ ನೀವು ಎಲ್ಲಿದ್ರಿ?"

"ನಿನಗೂ ಹುಚ್ಚು ಹಿಡೀತೇನು?"

"ಮೋತಿ ಯಾರು?"

ಕಟ್ಟೆಯ ಮೇಲೆ ಅಕ್ಕಿ ಆರಿಸುವ ಸಪ್ಪಳ ಪೂರ್ತಿ ನಿಂತಿತು.

"ನಿದ್ದ್ಯಾಗ ಮೋತಿ ಮೋತಿ ಅಂತೀರಿ. 'ಚಲ್ ಮೋತಿ, ಬಸ್ ಮೋತಿ' ಅಂತ ನನ್ನ ಬೆನ್ನು ಸವರ್ತೀರಿ. ಜೋಡಿದಾರ ಸೈನಿಕ ಅಂತೀರಿ. ಸೈನಿಕನ ಬೆನ್ನು ಹಂಗ ಸವರ್ತಾರೇನು? ನನಗ ಗೊತ್ತಾಗಂಗಿಲ್ಲಂತ ತಿಳ್ಕೊಂಡೀರೇನು? ಅಲ್ಲಿ ಇನ್ನೊಂದು ಸಂಸಾರ ಇತ್ತೇನು ಹೇಳ್ರಿ."

ಮೋತಿಯ ಹೆಸರು ಓಣಿಗೆ ಹೊಸದಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ಸರ್ಕಾರಿ ಶಾಲೆಯಲ್ಲಿ ಧ್ವಜ ಏರಿಸಲು ಎರ್ರೆಪ್ಪನನ್ನೇ ಕರೆಯುತ್ತಿದ್ದರು. ಐದು ವರ್ಷ ಆ ಕುರ್ಚಿ ಅವನದೇ. ಅವತ್ತು ಅವನು ಮಾಡುತ್ತಿದ್ದದ್ದು ಒಂದೇ ಭಾಷಣ, ಮೋತಿಯದು. ಹಿಮದಲ್ಲಿ ಬೆನ್ನ ಮೇಲೆ ಎಪ್ಪತ್ತು ಕಿಲೋ ಹೊತ್ತು ನಡೆದ ಮೋತಿ, ಒಂದು ದಿನವೂ ನೋವೆಂದು ಬಾಯಿ ಬಿಡದ ಮೋತಿ, ತನ್ನ ಜೀವ ಉಳಿಸಿದ ಮೋತಿ. ಮಕ್ಕಳು ಅಳುತ್ತಿದ್ದರು, ಟೀಚರುಗಳು ಅಳುತ್ತಿದ್ದರು, ಶಾಲೆಯ ಗೇಟಿನಾಚೆ ನಿಂತ ಪಕ್ಕೀರಮ್ಮನೂ ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು.

ಹೇಳಿದರೆ ಸೈನಿಕನೆಂಬ ಗತ್ತು ಹೋಗುತ್ತದೆ, ಹೇಳದಿದ್ದರೆ ಹೆಂಡತಿ ಹೋಗುತ್ತಾಳೆ. ಕೊನೆಗೆ ಎರ್ರೆಪ್ಪ ಒಳಗೆ ಹೋಗಿ ಟ್ರಂಕಿನ ತಳದ ಪೇಪರಿನ ಕೆಳಗಿಂದ ಒಂದು ಫೋಟೋ ತಂದು ಅವಳ ಕೈಗಿಟ್ಟ. ಅದರಲ್ಲಿ ಹಿಮದ ಗುಡ್ಡದ ಮುಂದೆ ಎಳೆಯ ಎರ್ರೆಪ್ಪ ನಗುತ್ತ ನಿಂತಿದ್ದ. ಬಲಗೈಯಲ್ಲಿ ಒಂದು ಹಗ್ಗ. ಹಗ್ಗದ ಇನ್ನೊಂದು ತುದಿಗೆ ಉದ್ದ ಕಿವಿಯ ಒಂದು ಪ್ರಾಣಿ.

"ಇದರಾಗ ಮೋತಿ ಎಲ್ಲದಾನ?" ಎಂದಳು ಅಂಜಿನಕ್ಕ.

"ಇದ ಮೋತಿ."

ಪಕ್ಕೀರಮ್ಮ ಮೊರ ಬದಿಗಿಟ್ಟು ಎದ್ದು ಬಂದು ಬಗ್ಗಿ ನೋಡಿದಳು. "ಅಯ್ಯ ನಮ್ಮವ್ವ! ಕತ್ತಿ!"

"ಕತ್ತಿ ಅಲ್ಲ, ಹೇಸರಗತ್ತಿ," ಎಂದ ಎರ್ರೆಪ್ಪ. "ಲಾರಿ ಹೋಗಂಗಿಲ್ಲ ಅಲ್ಲಿ. ಮ್ಯಾಲಿನ ಪೋಸ್ಟಿಗಿ ರೇಷನ್, ಸೀಮಿಎಣ್ಣಿ, ಗುಂಡು, ಎಲ್ಲಾ ಇವುಗಳ ಮ್ಯಾಲ ಹೇರಿ ಒಯ್ಯಾದು. ಒಂದು ದಿನ ದಾರ್‍ಯಾಗ ನಿಂತುಬಿಡ್ತು ನೋಡ್ರಿ. ಎಷ್ಟು ಜಗ್ಗಿದ್ರೂ ಬರವಲ್ಲದು. ಸಿಟ್ಟು ಬಂದು ಹೊಡದೆ ನಾನು. ಹೊಡಿಸ್ಕೊಂತ ನಿಂತಿತ್ತು. ಒಂದ ನಿಮಿಷಕ್ಕ ಮುಂದಿನ ದಾರಿ ಪೂರಾ ಕುಸಿದು ಕೆಳಗ ಹೋತು. ನಾ ಹೋಗಿದ್ರ ಇವತ್ತು ಇಲ್ಲಿ ಇರ್ತಿದ್ದಿಲ್ಲ." ಅವನು ಫೋಟೋದಲ್ಲಿನ ಉದ್ದ ಕಿವಿಯನ್ನು ಬೆರಳಿನಿಂದ ಸವರಿದ. "ನಾ ಹೊಡೆದದ್ದನ್ನ ಮನಸಿನಾಗ ಇಟ್ಕೊಳ್ಳಲಿಲ್ಲ ಅದು. ಅವತ್ತು ರಾತ್ರಿ ನನ್ನ ಕೈಯಾಗಿಂದನ ಬೆಲ್ಲ ತಿಂತು."

ಅಂಜಿನಕ್ಕನ ಕಣ್ಣಿಂದ ನೀರು ಇಳಿಯಿತು. ಇನ್ನೊಂದು ಸಂಸಾರ ಇಲ್ಲವೆಂಬ ಸಮಾಧಾನಕ್ಕೋ, ಮೋತಿಗಾಗಿಯೋ, ಎರಡೂ ಇರಬೇಕು. ಆಮೇಲೆ ಪಕ್ಕೀರಮ್ಮನಿಗೆ ತನ್ನ ಲೆಕ್ಕ ನೆನಪಾಯಿತು.

"ಅಂದ್ರ ಐದು ವರ್ಷ ಒಂದು ಕತ್ತಿ ಸಲುವಾಗಿ ನಮ್ಮನ್ನ ಅಳಿಸಿದಿಯಲ್ಲೋ!"

ಇದೇ ಹೊತ್ತಿಗೆ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಶಾಲೆಯ ಹೆಡ್‌ಮಾಸ್ಟರು ಶಾಂತಕುಮಾರಿ ಮೇಡಮ್ಮು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖ ಸಪ್ಪಗಾಗಿತ್ತು.

"ಸರ್, ಹೋದ ವರ್ಷ ನಮ್ಮ ಮಕ್ಕಳು ಗೋಡೆ ಪತ್ರಿಕೆಗೆ ಮೋತಿ ಚಿತ್ರ ಬರದಿದ್ರು," ಎಂದರು. "ಮೀಸಿ ಬರದಿದ್ರು ಸರ್ ಅದಕ್ಕ."

ಎರ್ರೆಪ್ಪ ತಲೆ ತಗ್ಗಿಸಿದ.

"ನಾ ನಿಮ್ಮನ್ನ ನಂಬ್ತೀನ್ರಿ. ಕಮಿಟಿಯೋರು ನಂಬಬೇಕಲ್ರಿ. ಮುಂಜಾನೆಯಿಂದ ಹದಿನಾರು ಫೋನ್ ಬಂದಾವ. ಸೆಲ್ಯೂಟ್ ಬರಲಾರದೋರ ಕೈಲಿ ಧ್ವಜ ಏರಿಸ್ತೀರೇನು ಅಂತಾರ. ಸಾಯಂಕಾಲದೊಳಗ ಏನರ ಒಂದು ಇತ್ಯರ್ಥ ಆಗಬೇಕ್ರಿ."

ಎರ್ರೆಪ್ಪ ತಲೆ ಎತ್ತಿದ. ಸಿನಿಮಾ ಹಾಳಾಗಿ ಹೋಗಲಿ. ಹದಿನೇಳು ವರ್ಷ ಹಿಮ ತುಳಿದು ಬಂದವನು ಸೈನಿಕನೇ ಅಲ್ಲ ಎಂದರೆ ಅವನು ಈ ಊರಲ್ಲಿ ಯಾವ ಮುಖ ಹೊತ್ತು ತಿರುಗಬೇಕು?

"ಏ ಇವಳ, ಟೊಪ್ಪಿಗಿ ಒಣಗೈತೇನು ನೋಡು."

ಒಣಗಿತ್ತು. ಆದರೆ ಬಿಸಿನೀರು ಕುಡಿದ ಉಣ್ಣೆ ಕುಗ್ಗಿ, ತಲೆಯ ಮೇಲೆ ಇಟ್ಟರೆ ಚೆಂಬಿನ ಮೇಲೆ ಬಟ್ಟಲು ಮುಚ್ಚಿದ ಹಾಗೆ ಕೂತಿತು. ಪರವಾಗಿಲ್ಲ, ಟೋಪಿ ಟೋಪಿಯೇ. "ನಡೀರಿ ಮಂಟಪಕ್ಕ. ಎಲ್ಲಾರ ಮುಂದ ಹೊಡದು ತೋರಸ್ತೀನಿ," ಎಂದ ಎರ್ರೆಪ್ಪ.

ನಾಲ್ಕು ಗಂಟೆಗೆ ಕೂಡ್ಲಿಗಿ ರಸ್ತೆಯಲ್ಲಿ ಒಂದು ಸಣ್ಣ ಮೆರವಣಿಗೆಯೇ ಹೊರಟಿತು. ಮುಂದೆ ಪುಟ್ಟ ಟೋಪಿಯ ಎರ್ರೆಪ್ಪ, ಹಿಂದೆ ಅಂಜಿನಕ್ಕ, ಹೆಡ್‌ಮಾಸ್ಟರು, ಪಕ್ಕೀರಮ್ಮ ಮತ್ತು ಅವಳ ಕಟ್ಟೆಯ ಪಕ್ಷ. ದಾವಲ್ ಸಾಬ್ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಸೇರಿಕೊಂಡ. ಮಿರ್ಚಿ ಅಂಗಡಿಯ ನಾಲ್ವರು ಮಂಡಕ್ಕಿ ಪೊಟ್ಟಣದ ಸಮೇತ ಬಂದರು.

ಮಂಟಪದ ಅಂಗಳದಲ್ಲಿ ಹೊಸಪೇಟೆಯ ಡ್ರೆಸ್ಸಿನ ಗಾಡಿ ಬಂದು ನಿಂತಿತ್ತು. ಡೈರೆಕ್ಟರ್ ಬೆಚ್ಚಿಬಿದ್ದು ಎದ್ದು ನಿಂತ. ಇಷ್ಟು ಜನ ಬಂದದ್ದು ಮುರಿದ ಬಂದೂಕಿನ ಜಗಳಕ್ಕೇ ಇರಬೇಕೆಂದು ಅವನಿಗೂ ಅನುಮಾನ.

"ಸೆಲ್ಯೂಟ್ ತೋರಸ್ತೀನ್ರಿ," ಎಂದ ಎರ್ರೆಪ್ಪ.

"ಅಷ್ಟೇನಾ? ಹೊಡೀರಿ ಸರ್, ಹೊಡೀರಿ."

ಎರ್ರೆಪ್ಪ ಹಿಮ್ಮಡಿ ಕೂಡಿಸಿದ. ಜನ ಉಸಿರು ಬಿಗಿ ಹಿಡಿದರು. ಕೈ ಏಳಲಿಲ್ಲ.

"ಯಾರಿಗ್ರಿ?"

"ಅಂದ್ರೆ?"

"ಸೆಲ್ಯೂಟ್ ಯಾರಿಗಿ ಹೊಡೀಬೇಕು?"

"ನನಗೇ ಹೊಡೀರಿ ಸರ್."

"ನೀವು ಆಫೀಸರ್ ಅಲ್ಲಲ್ರಿ," ಎಂದ ಎರ್ರೆಪ್ಪ ಬಹಳ ವಿನಯದಿಂದ. "ಸೈನ್ಯದಾಗ ಕಂಡಕಂಡೋರಿಗೆಲ್ಲ ಹೊಡಿಯಂಗಿಲ್ರಿ. ಆಫೀಸರ್ ಇರಬೇಕು, ಇಲ್ಲಾ ಧ್ವಜ ಇರಬೇಕು. ರೂಲ್ ಐತಿ."

ಅಂಗಳ ಉರುಳಿ ಉರುಳಿ ನಕ್ಕಿತು. "ಮುಂಜಾನೆ ಟೊಪ್ಪಿಗಿ ಇರಲಿಲ್ಲ, ಈಗ ಆಫೀಸರ್ ಇಲ್ಲ. ಏ, ಇವಗ ಸೆಲ್ಯೂಟ ಇಲ್ಲಲೇ!" ಎಂದು ಮಂಡಕ್ಕಿಯವರಲ್ಲಿ ಒಬ್ಬ ಕೂಗಿದ. ಹೆಡ್‌ಮಾಸ್ಟರು ಹಣೆ ಒತ್ತಿಕೊಂಡರು.

ದಾವಲ್ ಸಾಬ್ ಮುಂದೆ ಬಂದು ಕಿವಿಯಲ್ಲಿ ಗೋಗರೆದ. "ಲೇ, ನಿನ್ನ ಕೈ ಮುಗೀತೀನಿ, ಒಂದು ಸಲ ಹೊಡದು ಬಿಡಲೇ. ಯಾರಿಗ್ಯಾರ ಹೊಡಿ. ಆ ಗ್ವಾಡಿಗಿ ಹೊಡಿ!"

ಎರ್ರೆಪ್ಪ ಅಂಜಿನಕ್ಕನ ಕಡೆ ನೋಡಿದ. ಅವಳು ಫೋಟೋವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು, ಹೊಡೀರಿ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಆಗಲಿ, ಹೆಂಡತಿಯ ಸಲುವಾಗಿ ಒಂದು ಸಲ ರೂಲು ಮುರಿದರೆ ಆಕಾಶವೇನೂ ಬೀಳುವುದಿಲ್ಲ ಎಂದುಕೊಂಡ. ಬಾಳೆಹಣ್ಣಿನ ಟೋಪಿಯ ಡೈರೆಕ್ಟರನಿಗೆ ಸೆಲ್ಯೂಟ್ ಹೊಡೆಯಲು ಮನಸ್ಸು ಮಾಡಿದ. ಕೈಗೆ ಹೇಳಿದ. ಕೈ ಕೇಳಲಿಲ್ಲ. ಅವತ್ತು ದಾರಿಯಲ್ಲಿ ನಿಂತ ಮೋತಿಯ ಹಾಗೆ ಅದು ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಮೇಕಪ್ ಕೋಣೆಯ ಬಾಗಿಲು ತೆರೆಯಿತು.

ಹೊಸಪೇಟೆಯವರಲ್ಲಿ ಸಿಪಾಯಿಯ ಡ್ರೆಸ್ಸು ಗಾದಿಲಿಂಗನ ಅಳತೆಗೆ ಇರಲಿಲ್ಲವಂತೆ. ಇದ್ದದ್ದು ಕ್ಯಾಪ್ಟನ್ನನದು. ಹಾಗಾಗಿ ಡೈರೆಕ್ಟರ್ ಮಧ್ಯಾಹ್ನವೇ ಗಾದಿಲಿಂಗನಿಗೆ ಬಡ್ತಿ ಕೊಟ್ಟಿದ್ದ. ಇದು ಎರ್ರೆಪ್ಪನಿಗೆ ಗೊತ್ತಿರಲಿಲ್ಲ. ಅವನಿಗೆ ಕಂಡದ್ದು ಬಾಗಿಲ ನೆರಳಿನಿಂದ ಹೊರಬಂದ ಒಂದು ಸಮವಸ್ತ್ರ, ಮುಖ ಮರೆಮಾಡಿದ ಅಂಚಿನ ಟೋಪಿ, ಕಂಕುಳಲ್ಲಿ ಬೆತ್ತ. ಅವನ ಕಣ್ಣು ಅಭ್ಯಾಸಬಲದಿಂದ ಮುಖಕ್ಕಿಂತ ಮೊದಲು ಹೆಗಲಿಗೆ ಹೋಯಿತು. ಮೂರು ನಕ್ಷತ್ರ.

ಹಿಮ್ಮಡಿ ತಾವಾಗಿ ಕೂಡಿದವು. ಕೈ ತಾನಾಗಿ ಎದ್ದಿತು. "ಜೈ ಹಿಂದ್ ಸಾಬ್!"

ಅಂಥ ಸೆಲ್ಯೂಟನ್ನು ಕೊಟ್ಟೂರು ನೋಡಿರಲಿಲ್ಲ. ಕಾಲು ಅಪ್ಪಳಿಸಲಿಲ್ಲ, ಕೈ ನಡುಗಲಿಲ್ಲ. ಚಾಕುವಿನ ಹಾಗೆ ಚುರುಕಾಗಿ ಮೇಲೆದ್ದು ಹುಬ್ಬಿನ ಅಂಚಿಗೆ ಬಂದು ನಿಂತಿತು. ನಗುತ್ತಿದ್ದವರೆಲ್ಲ ಒಮ್ಮೆಗೇ ಬಾಯಿ ಮುಚ್ಚಿದರು.

ಆಮೇಲೆ ಎರ್ರೆಪ್ಪ ಮುಖ ನೋಡಿದ. ಟೋಪಿಯ ಕೆಳಗೆ ಕೆಂಪಗೆ ಬಣ್ಣ ಬಳಿದುಕೊಂಡು ಫ್ಲೆಕ್ಸ್ ಅಂಗಡಿಯ ಗಾದಿಲಿಂಗ ನಿಂತಿದ್ದ.

ಕೈ ಇಳಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಳಿಸುವಂತಿಲ್ಲ. ಎದುರಿನ ಆಫೀಸರು ತಿರುಗಿ ಸೆಲ್ಯೂಟ್ ಮಾಡುವವರೆಗೆ ಕೆಳಗಿನವನು ಕೈ ಇಳಿಸಬಾರದು, ಅದೂ ರೂಲೇ. ಗಾದಿಲಿಂಗನಿಗೆ ಅದು ಗೊತ್ತಿಲ್ಲ. ನಾಟಕದಲ್ಲಿ ಅವನಿಗೆ ಯಾರೂ ಸೆಲ್ಯೂಟ್ ಹೊಡೆದಿರಲಿಲ್ಲ. ಅವನು ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ನೋಡಿ ಮುಗುಳ್ನಕ್ಕ. ಎರ್ರೆಪ್ಪ ಹಣೆಗೆ ಕೈಯಿಟ್ಟು ಕಂಬದ ಹಾಗೆ ನಿಂತೇ ಇದ್ದ. ಮೊಬೈಲುಗಳು ಮೇಲೆದ್ದವು.

"ನೋಡಿದ್ರೇನು!" ಎಂದು ಮೊದಲು ಚೀರಿದವಳು ಪಕ್ಕೀರಮ್ಮ. "ತಾನಾಗಿ ಒಪ್ಪಿಕೊಂಡ! ನಮ್ಮ ಗಾದಿಲಿಂಗನ ಮುಂದ ಹೆಂಗ ನಿಂತಾನ ನೋಡ್ರಿ!"

"ಕೈ ಇಳಸವಲ್ಲನಲ್ಲೋ. ಎಷ್ಟು ಭಯಾ ಭಕ್ತಿ!"

"ಅಸಲಿ ಯಾರು ನಕಲಿ ಯಾರು ಇವತ್ತು ಗೊತ್ತಾತು ಬಿಡಪ."

ಡೈರೆಕ್ಟರ್ ಕುಣಿದಾಡಿದ. "ಸೂಪರ್! ಗಾದಿಲಿಂಗ ಅವರೇ, ನಿಮ್ಮ ಗೆಟಪ್ ನೋಡಿ ಜನಾನೇ ನಂಬಿಬಿಟ್ರು! ಸರ್, ನೀವು ಹಾಗೇ ಇರಿ, ಅಲುಗಾಡ್ಬೇಡಿ. ಕ್ಯಾಪ್ಟನ್ ಎಂಟ್ರಿ ಸೀನಿಗೆ ನೀವೂ ಇರ್ತೀರ. ಹೀಗೇ ಸೆಲ್ಯೂಟ್ ಹಿಡ್ಕೊಂಡು ನಿಲ್ಲೋದು. ಮಾತಿಲ್ಲ. ಕ್ಯಾಮೆರಾ ನಿಮ್ಮ ಹಿಂದೆ ಇರುತ್ತೆ, ಬೆನ್ನು ಚೆನ್ನಾಗಿ ಕಾಣುತ್ತೆ."

ಶಾಂತಕುಮಾರಿ ಮೇಡಮ್ಮು ಎರ್ರೆಪ್ಪನ ಕಡೆ ಒಮ್ಮೆ ನೊಂದು ನೋಡಿದರು. ಸುದ್ದಿ ಕೇಳಿ ಬಂದಿದ್ದ ಕಮಿಟಿಯವರು ಹಿಂದಿನಿಂದ ಸನ್ನೆ ಮಾಡುತ್ತಿದ್ದರು. ಮೇಡಮ್ಮು ಗಾದಿಲಿಂಗನ ಹತ್ತಿರ ಹೋಗಿ, ನಾಳೆ ಬೆಳಿಗ್ಗೆ ಎಂಟಕ್ಕೆ ಧ್ವಜ ಏರಿಸಲು ಬರಬೇಕೆಂದೂ, ಸಾಧ್ಯವಾದರೆ ಇದೇ ಡ್ರೆಸ್ಸಿನಲ್ಲಿ ಬರಬೇಕೆಂದೂ ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ದಾವಲ್ ಸಾಬನೂ ತಟ್ಟಿದ, ಆಮೇಲೆ ಯಾಕೆ ತಟ್ಟಿದೆನೆಂದು ಸ್ಪ್ಯಾನರ್ ನೋಡಿಕೊಂಡ. ಎರ್ರೆಪ್ಪನ ಕೈ ಇನ್ನೂ ಹುಬ್ಬಿನಲ್ಲೇ ಇತ್ತು. ತೋಳು ಸೋತು ಕಣ್ಣಲ್ಲಿ ನೀರು ಬಂತು. ಅದು ತೋಳಿನದೇ ನೀರೆಂದು ಅವನು ತನಗೆ ತಾನು ಹೇಳಿಕೊಂಡ.

ಗಾದಿಲಿಂಗ ಹತ್ತಿರ ಬಂದ. ಕೆಟ್ಟವನೇನಲ್ಲ ಅವನು. ಅವನ ಮುಖದಲ್ಲಿ ಸಂಕೋಚವಿತ್ತು. ಬೆತ್ತವನ್ನು ಇನ್ನೊಂದು ಕಂಕುಳಿಗೆ ಸೇರಿಸಿ, ಎರ್ರೆಪ್ಪನ ಕಿವಿಯ ಹತ್ತಿರ ಬಗ್ಗಿದ.

"ಎರ್ರೆಪ್ಪಣ್ಣ, ನಾಳಿಗಿ ಭಾಷಣ ಬ್ಯಾರೆ ಮಾಡಬೇಕಂತ. ನನಗೇನು ಗೊತ್ತಣ್ಣ ಮಿಲ್ಟ್ರಿ ವಿಷಯ. ನಿನ್ನ ಆ ಮೋತಿ ಕತಿ ನನಗ ಕೊಟ್ಟುಬಿಡಣ್ಣ. ನಾ ಕತ್ತಿ ಅಂತ ಹೇಳಂಗಿಲ್ಲ, ಮನುಷ್ಯಾ ಅಂತನ ಹೇಳ್ತೀನಿ."

ಎರ್ರೆಪ್ಪನ ಮೈ ಉರಿಯಿತು. ಕುರ್ಚಿ ಹೋಗಲಿ, ಪಾತ್ರ ಹೋಗಲಿ, ಮೋತಿಯನ್ನು ಮಾತ್ರ ಕೊಡಲಾರೆ. ಆಗಂಗಿಲ್ಲ ಹೋಗಲೇ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಲು ಬಾಯಿ ತೆರೆದ. ಆದರೆ ಗಾದಿಲಿಂಗ ಬಗ್ಗಿದ್ದರಿಂದ ಅವನ ಹೆಗಲು ಈಗ ಸರಿಯಾಗಿ ಎರ್ರೆಪ್ಪನ ಕಣ್ಣ ಮುಂದೆ ಬಂದಿತ್ತು. ಮೂರೂ ನಕ್ಷತ್ರ ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು.

"ಜೀ ಸಾಬ್!" ಎಂದುಬಿಟ್ಟಿತು ಬಾಯಿ.